ಬಾರ್ಟ್ಲಿ ಕ್ವಿಲ್ಟಿ ಕಟ್ಟಿಸಿದ ಅಡ್ಡಗೋಡೆ

ಬಾರ್ಟ್ಲಿ ಕ್ವಿಲ್ಟಿ ಕಟ್ಟಿಸಿದ ಗೋಡೆ ಬಿದ್ದದ್ದನ್ನು ನಾನು ಕಂಡಿಲ್ಲ. ಬಿದ್ದುಹೋಗಲಿ ಅಂತ ನಾನೇ ಶಾಪ ಹಾಕಿದ ಗೋಡೆಯೊಂದಿದೆ, ಅದೂ ಬೀಳಲಿಲ್ಲ. ಅದರ ಅರ್ಧ ಕಲ್ಲು ಈ ಹಾಳು ಕೈಯೇ ಇಟ್ಟದ್ದು.

ನಮ್ಮ ಕಿಲ್‌ಬ್ರೆಕನ್ನಿನಲ್ಲಿ ಸುಣ್ಣ ಸುಡುವವನ ಮಗ ಅವನು. ಡಬ್ಲಿನ್‌ಗೆ ಹೋಗಿ ಏಳು ವರ್ಷ ನಕ್ಷೆ ಬರೆಯುವುದು ಕಲಿತು ಬಂದ. ಆಮೇಲೆ ಸಾಯುವವರೆಗೆ ಹನ್ನೊಂದು ಇಗರ್ಜಿ, ಎರಡು ಸೇತುವೆ ಕಟ್ಟಿಸಿದ. ಮದುವೆಯಾಗಲಿಲ್ಲ. ಅವನ ಜೀವವೆಲ್ಲ ತಮ್ಮ ತೈಗ್ ಮೇಲೆ. ತಾಯಿ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ.

ಸರ್ಕಾರದವರು ಊರಾಚೆ, ಗತಿಯಿಲ್ಲದವರನ್ನು ಗಂಜಿ ಹಾಕಿ ಇರಿಸುವ ಬಡವರ ಮನೆ ಕಟ್ಟಬೇಕೆಂದಾಗ ನಕ್ಷೆ ಬರೆದವನು ಬಾರ್ಟ್ಲಿಯೇ. ಒಳಗೆ ಬಂದ ಗಂಡಸರಿಗೊಂದು ಅಂಗಳ, ಹೆಂಗಸರಿಗೊಂದು, ನಡುವೆ ಎರಡಾಳೆತ್ತರದ ಗೋಡೆ. ಗಂಡ ಹೆಂಡತಿ ಮುಖ ನೋಡುವಂತಿಲ್ಲ, ಸರ್ಕಾರದ ಕಟ್ಟಳೆ.

“ಅಲ್ಲ ಮಾರಾಯ, ಜಗಳ ಆಡೋಕಾದ್ರೂ ಒಂದು ಕಿಂಡಿ ಬಿಡಬಾರದಾ?” ಅಂದೆ ನಾನು.

“ಕಿಂಡಿ ಬಿಟ್ರೆ ನನ್ನ ಕೆಲಸ ಹೋಗುತ್ತೆ ಕೋಲ್ಮನ್. ನೀನು ಕಲ್ಲಿಗೆ ಕೈ ಹಾಕು, ಮಾತಿಗೆ ಬಾಯಿ ಹಾಕಬೇಡ.”

ಅವನದೊಂದು ಹಟವಿತ್ತು. ಪ್ರತಿ ಮಾರು ದೂರಕ್ಕೊಂದರಂತೆ ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ಒಂದೇ ಉದ್ದಗಲ್ಲು ಇಡಬೇಕು. ಇಲ್ಲದಿದ್ದರೆ ಗೋಡೆ ಹೊಟ್ಟೆ ಉಬ್ಬಿ ಒಡೆಯುತ್ತದೆ ಅನ್ನುತ್ತಿದ್ದ. ಬೈದುಕೊಂಡೇ ಇಟ್ಟೆ.

ಆಮೇಲೆ ನಮ್ಮ ಬಡವರ ಒಂದೇ ಊಟವಾದ ಆಲೂಗಡ್ಡೆ ಹೊಲದಲ್ಲೇ ಕೊಳೆಯಿತು. ಒಂದು ವರ್ಷವಲ್ಲ, ಎರಡು ವರ್ಷ. ಗೇಣಿ ಕಟ್ಟಲಿಲ್ಲವೆಂದು ಜಮೀನುದಾರ ತೈಗ್‌ನ ಗುಡಿಸಲಿನ ಸೂರು ಕಿತ್ತುಹಾಕಿಸಿದ. ಬಾರ್ಟ್ಲಿಗೆ ಇದ್ದದ್ದು ಒಬ್ಬ ವಿಧವೆಯ ಮನೆಯಲ್ಲಿ ಒಂದು ಬಾಡಿಗೆ ಕೋಣೆ. ಊರಿಗೆ ಹಬ್ಬಿದ್ದ ಜ್ವರದ ಹೆದರಿಕೆಗೆ ಆಕೆ ಹೊಸಬರನ್ನು ಹೊಸ್ತಿಲು ದಾಟಿಸಲಿಲ್ಲ. ತೈಗ್ ಮತ್ತು ಅವನ ಹೆಂಡತಿ ಸೈವ್ ಬಡವರ ಮನೆ ಸೇರಿದರು, ಅವನು ಆ ಕಡೆ, ಅವಳು ಈ ಕಡೆ. ಜ್ವರದವರಿಗೆ ಕೊಟ್ಟಿಗೆ ಕಟ್ಟಲು ಬಾರ್ಟ್ಲಿ, ನಾನು ದಿನಾ ಎರಡೂ ಅಂಗಳಕ್ಕೆ ಹೋಗುತ್ತಿದ್ದೆವು.

ತೈಗ್ ಗಂಜಿ ಮುಟ್ಟುವುದನ್ನೇ ಬಿಟ್ಟ. ಆಗ ಬಾರ್ಟ್ಲಿ ಅವನನ್ನು ಗೋಡೆಯ ಹತ್ತಿರ ಕರೆದೊಯ್ದು ಒಂದು ಉದ್ದಗಲ್ಲು ತೋರಿಸಿದ. “ಇದರ ಇನ್ನೊಂದು ತುದಿ ಸೈವ್ ಅಂಗಳದಲ್ಲಿದೆ. ಬೆಳಗಿನ ಗಂಟೆ ಹೊಡೆದ ಮೇಲೆ ಮೂರು ಸಲ ಕುಟ್ಟು, ಕಿವಿ ಇಟ್ಟು ಕೇಳು. ಅವಳಿಗೂ ಹೇಳಿದ್ದೀನಿ.”

ಮಾರನೆಯ ದಿನ ಆ ಕಡೆಯಿಂದ ಮೂರು ಸಲ ಉತ್ತರ ಬಂತು. ತೈಗ್ ಗಂಜಿ ಕುಡಿದ. “ಇವತ್ತು ನಾಲ್ಕು ಕುಟ್ಟಿದ್ಲು ಅಣ್ಣ, ಏನೋ ಸಿಟ್ಟಿರಬೇಕು,” ಅಂತ ಒಂದು ದಿನ ನಗುತ್ತಿದ್ದ.

ಮಾರ್ಚ್ ತಿಂಗಳ ಒಂದು ಮಂಗಳವಾರ ನಸುಕಿಗೇ ಸೈವ್ ಜ್ವರದಲ್ಲಿ ಸತ್ತಳು. ಹಿಂಬಾಗಿಲಿಂದ ಗಾಡಿಯಲ್ಲಿ ಒಯ್ದು ಗುಂಡಿಗೆ ಹಾಕಿದ್ದರು. ಆ ಸುದ್ದಿ ಹೆಂಗಸರ ಅಂಗಳದಲ್ಲಿದ್ದ ನಮಗೆ ಮುಟ್ಟಿತು, ಗಂಡಸರ ಅಂಗಳಕ್ಕೆ ಮುಟ್ಟಲಿಲ್ಲ.

“ತೈಗ್‌ಗೆ ಈಗಲೇ ಹೇಳು,” ಅಂದೆ.

“ಗಂಜಿ ಕುಡಿದ ಮೇಲೆ ಹೇಳ್ತೀನಿ.”

ಗಂಟೆ ಹೊಡೆಯಿತು. ಉದ್ದಗಲ್ಲಿನಲ್ಲಿ ಮೂರು ಸಲ ಸದ್ದಾಯಿತು. ಬಾರ್ಟ್ಲಿ ನೆಲದಿಂದ ಒಂದು ಕಲ್ಲುಚೂರು ಎತ್ತಿಕೊಂಡು ಮೂರು ಸಲ ಕುಟ್ಟಿದ. ನಾನು ಅವನ ಕೈ ಹಿಡಿಯಲಿಲ್ಲ. ಎಲ್ಲದಕ್ಕೂ ಮೂಗು ತೂರಿಸುವ ನಾನು ಅವತ್ತು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಮಾರನೆಯ ದಿನವೂ ಕುಟ್ಟಿದ, ಅದರ ಮಾರನೆಯ ದಿನವೂ.

ಶನಿವಾರ ಗಾಡಿ ಬಂತು. ಕೆನಡಾದ ಹಡಗು ಹತ್ತಿಸಲು ಲಿಮರಿಕ್ ಬಂದರಿಗೆ ಹೊರಟ ಗಾಡಿ, ಬಡವರ ಮನೆಯಿಂದ ಕಳಿಸುವವರ ಪಟ್ಟಿಯಲ್ಲಿ ತೈಗ್ ಹೆಸರೂ ಇತ್ತು. ಬಾರ್ಟ್ಲಿ ಓಡಿಹೋಗಿ ಹಡಗಿನ ವಿಷಯ ತೈಗ್‌ಗೆ ಹೇಳಿದ.

“ಸೈವ್ ಹೆಸರು?” ಅಂದ ತೈಗ್.

“ಇಲ್ಲ.”

“ಹಾಗಾದ್ರೆ ನಾನು ಹೋಗಲ್ಲಣ್ಣ. ಬೆಳಿಗ್ಗೆ ಎಷ್ಟು ಗಟ್ಟಿಯಾಗಿ ಕುಟ್ಟಿದ್ಲು ಗೊತ್ತಾ. ಅವಳನ್ನ ಇಲ್ಲಿ ಬಿಟ್ಟು ಹೇಗೆ ಹೋಗಲಿ?”

ನಾನು ಬಾರ್ಟ್ಲಿಯನ್ನು ಮೊಣಕೈಯಿಂದ ತಿವಿದೆ. ಅವನ ಬಾಯಿ ತೆರೆಯಿತು. “ಮುಂದಿನ ಹಡಗಿಗೆ ಇಬ್ಬರ ಹೆಸರೂ ಬರೆಸೋಣ,” ಅಂದ. ಗಾಡಿ ಹೋಯಿತು.

ಹತ್ತು ದಿನಕ್ಕೆ ಜ್ವರ ಗಂಡಸರ ಕಡೆಗೂ ಹೊಕ್ಕಿತು. ತೈಗ್ ಹುಲ್ಲಿನ ಮೇಲೆ ಮಲಗಿ ಸೈವ್‌ಗೆ ಹೇಳಿ ಕಳಿಸು, ಕುಟ್ಟೋಕೆ ಆಗ್ತಿಲ್ಲ ಅಂತ ಹೇಳು ಅನ್ನುತ್ತಿದ್ದ. ಆಗ ಬಾರ್ಟ್ಲಿ ಅವನ ಪಕ್ಕದಲ್ಲಿ ಮಂಡಿಯೂರಿ ಎಲ್ಲ ಹೇಳಿದ. ಮಂಗಳವಾರದ ಗಾಡಿ, ಗುಂಡಿ, ಕಲ್ಲುಚೂರು, ಎಲ್ಲ. ಮೊದಲ ಸಲ ಅವನು ಅತ್ತದ್ದನ್ನು ನೋಡಿದೆ. ನನಗೆ ಮರುಕ ಬರಲಿಲ್ಲ, ಸಿಟ್ಟು ಬಂತು, ಅವನ ಮೇಲೂ ನನ್ನ ಮೇಲೂ.

ತೈಗ್ ಅಣ್ಣನ ಕಡೆಗೆ ಹೊರಳಿದ. ಬೈಯಲಿಲ್ಲ.

“ಶನಿವಾರ ಹೇಳಿದ್ರೆ ಹೋಗ್ತಿದ್ನಲ್ಲ ಅಣ್ಣ,” ಅಂದ. “ನಂಗೆ ಬದುಕೋ ಆಸೆ ಇತ್ತು.”