ಕುಂಕುಮದ ಭರಣಿಯ ಮಾತ್ರೆ

"ಅಜ್ಜೀ, ನಂಗೆ ಬಂದಿಲ್ಲಂತೆ!" ಎಂದು ಕೂಗುತ್ತಾ ಪಕ್ಕದ ಮನೆಯ ಹುಡುಗಿ, ರೇಣುಕಾ ಎಂದಿಟ್ಟುಕೊಳ್ಳಿ, ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ನನ್ನನ್ನು ಎತ್ತಿ ಗಿರಗಿರ ತಿರುಗಿಸಿಬಿಟ್ಟಳು. ನನ್ನ ಚಪ್ಪಲಿ ಹಾರಿ ಕಂಡಕ್ಟರ್ ಕಾಲ ಬಳಿ ಬಿತ್ತು.

"ಅಜ್ಜೀನ ಇಳ್ಸವ್ವಾ, ಸೊರಬದ ಬಸ್ ಹೊಂಟೈತಿ!" ಎಂದು ಅವನು ನಕ್ಕ. ನಾಚಿಕೆಯಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ರೇಣುಕಾ ನಶೆಯ ಸೂಜಿ ಚುಚ್ಚಿಕೊಳ್ಳುವವಳು. ಅದೇ ಸೂಜಿ ಹಂಚಿಕೊಂಡಿದ್ದ ಗೆಳತಿಗೆ ಎಚ್‌ಐವಿ ಬಂದಿತ್ತು. ಇವಳಿಗೆ ಬಾರದಿರಲೆಂದು ನರ್ಸಮ್ಮ ದಿನಕ್ಕೊಂದು ನುಂಗುವ ಮಾತ್ರೆ ಕೊಟ್ಟರು. ಮನೆಯಲ್ಲಿಟ್ಟರೆ ಗಂಡ ಬಿಸಾಡುತ್ತಾನೆಂಬ ಭಯ ಅವಳಿಗೆ. ಮೊಮ್ಮಕ್ಕಳೇ, ನಿಮ್ಮಜ್ಜ ಹೋದಾಗಿನಿಂದ ಖಾಲಿಯಿದ್ದ ಕುಂಕುಮದ ಭರಣಿಯಲ್ಲಿ ಅವನ್ನು ನಾನೇ ಇಟ್ಟುಕೊಂಡೆ. ಮೂರು ತಿಂಗಳು ಒಂದು ದಿನವೂ ತಪ್ಪದೆ ಬಂದು ನುಂಗಿದಳು. ಆವತ್ತು ಶಿಕಾರಿಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಬಂದಿಲ್ಲವೆಂದು ತಿಳಿದುಕೊಂಡೇ ಬಸ್ ನಿಲ್ದಾಣಕ್ಕೆ ಬಂದಿದ್ದೆವು.

ಸೂಜಿಯನ್ನು ಅವಳಿನ್ನೂ ಪೂರ್ತಿ ಬಿಟ್ಟಿಲ್ಲ. ಹಾಗಾಗಿ ಭರಣಿಯಲ್ಲಿ ಮತ್ತೆ ಮಾತ್ರೆ ತುಂಬಿದೆ. ಮುಂದಿನ ಪರೀಕ್ಷೆಯ ದಿನ ನಾನು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗುತ್ತೇನೆ.