ಭಾನುಪ್ರಿಯ ಸಾಕಿದ ಹವಳ

ಕೂಟಗಲ್ಲಿನ ಭಾನುಪ್ರಿಯ ಮದುವೆಯಾಗಿ ಬಂದ ವರ್ಷದಿಂದಲೂ ರೇಷ್ಮೆ ಹುಳು ಸಾಕಿದವಳು. ಗಂಡ ಜಯಕುಮಾರ ಹಿಪ್ಪುನೇರಳೆ ತೋಟ ನೋಡಿಕೊಂಡರೆ, ಹುಳುಮನೆ ಪೂರ್ತಿ ಅವಳದು. ಸೊಪ್ಪು ಹೆಚ್ಚುವುದು, ಹಾಸು ಬದಲಿಸುವುದು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಬೇರೆಯವರು ಮಾಡಿದರೆ ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

ಹೋದ ವರ್ಷ ಅವಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಹುಳುಮನೆಗೆ ಹೋಗಿ ಬಂದರೆ ಸಾಕು, ಎದೆ ಕಟ್ಟಿಕೊಂಡು ಗೊರಗೊರ ಅನ್ನುತ್ತಿತ್ತು. ರಾಮನಗರದ ಡಾಕ್ಟರು ಪರೀಕ್ಷೆ ಮಾಡಿ, ಹುಳುವಿನ ದೂಳೇ ಒಗ್ಗುತ್ತಿಲ್ಲ, ಇನ್ನು ಆ ಬಾಗಿಲು ದಾಟಬೇಡಿ ಎಂದುಬಿಟ್ಟರು. ಅಂದಿನಿಂದ ಹುಳುಮನೆಯ ಕೆಲಸ ಜಯಕುಮಾರನ ಹೆಗಲಿಗೆ ಬಿತ್ತು. ಮುಗಿಸಿ ಬಂದವನು ಹಿತ್ತಲ ನಲ್ಲಿಯಲ್ಲಿ ಮೈ ತೊಳೆದು, ಬಟ್ಟೆ ಬದಲಿಸಿಯೇ ಮನೆಯೊಳಕ್ಕೆ ಕಾಲಿಡುತ್ತಿದ್ದ. ಭಾನುಪ್ರಿಯ ಜಗಲಿಯಲ್ಲಿ ಕೂತು ಹುಳುಮನೆಯ ಕಿಟಕಿ ನೋಡುತ್ತಿದ್ದಳು. "ಸೊಪ್ಪು ಒಣಗೈತೇನೋ ನೋಡಿ," "ಗಾಳಿ ಆಡ್ತಾ ಐತಾ?" ಎಂದು ಕೂತಲ್ಲಿಂದಲೇ ಕೇಳುವಳು. ಬರಬರುತ್ತಾ ಕೇಳುವುದನ್ನೂ ಬಿಟ್ಟಳು.

ಜಯಕುಮಾರನಿಗೆ ಆ ಮೌನವೇ ಹೆಚ್ಚು ಭಯ ಹುಟ್ಟಿಸಿತು. ರಾಮನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವನ ಗೆಳೆಯ ಗಫಾರ್, ಮನೆ ಬದಲಿಸುವಾಗ ತನ್ನ ಉಪ್ಪುನೀರಿನ ಮೀನಿನ ತೊಟ್ಟಿಯನ್ನು ಯಾರಿಗಾದರೂ ಕೊಡಬೇಕು ಅಂದ. ಜಯಕುಮಾರ ಹಿಂದೆಮುಂದೆ ನೋಡದೆ ಟೆಂಪೊದಲ್ಲಿ ಹಾಕಿಸಿಕೊಂಡು ಬಂದ. ಅದರಲ್ಲಿ ಕೆಲವು ಕಲ್ಲು, ಎರಡು ಕಿತ್ತಳೆ ಬಣ್ಣದ ಮೀನು.

"ಏನ್ರೀ ಇದು? ಇದ್ನ ತಕಂಡು ನಾನೇನ್ ಮಾಡ್ಲಿ?" ಅಂದಳು ಭಾನುಪ್ರಿಯ.

"ಸಾಕು. ಸಾಕೋದು ನಿಂಗೆ ಗೊತ್ತಲ್ಲ ಕಣಮ್ಮಿ," ಅಂದ ಜಯಕುಮಾರ.

ಮೊದಮೊದಲು ಅವಳು ಮೀನಿಗೆ ಮೇವು ಹಾಕಿ ಸುಮ್ಮನಾಗುತ್ತಿದ್ದಳು. ಆಮೇಲೆ ಫೋನಿನಲ್ಲಿ ಬೇರೆಯವರ ತೊಟ್ಟಿ ನೋಡತೊಡಗಿದಳು. ಅಲ್ಲಿ ಕಲ್ಲುಗಳ ಮೇಲೆ ಹೂವಿನಂತೆ ಅರಳಿ, ನೀರಿನ ಜೊತೆ ತೂಗಾಡುವ ಹವಳಗಳಿದ್ದವು. ತನ್ನ ತೊಟ್ಟಿಯ ಕಲ್ಲುಗಳು ಬೋಳುಬೋಳಾಗಿ ಕಂಡವು. ಒಂದು ಬೆಳಿಗ್ಗೆ ತಾನಾಗಿಯೇ, "ರಾಮನಗರಕ್ಕೆ ಹೋಗ್ಬತ್ತೀನಿ," ಅಂದಳು. ಜಯಕುಮಾರ ಸೊಪ್ಪಿನ ಹೊರೆ ಇಳಿಸಿ ಬೈಕು ತೆಗೆದ.

ಸಾಕುವ ಮೀನಿನ ಅಂಗಡಿಯ ಅಕ್ಬರಿ ಬೇಗಂ ಮೊದಲು ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದವರು. ಬಿಸಿನೀರಿನಲ್ಲಿ ಗೂಡು ಮುಳುಗಿಸಿ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಭಾನುಪ್ರಿಯ ಬಾಟಲಿಯಲ್ಲಿ ತಂದಿದ್ದ ತೊಟ್ಟಿಯ ನೀರನ್ನು ಮೊದಲು ಪರೀಕ್ಷೆ ಮಾಡಿ, "ನೀರು ಚೆನ್ನಾಗೈತೆ. ಯಾವ ನೀರು ಹಾಕ್ತೀಯಮ್ಮ?" ಎಂದರು.

"ನಮ್ಮೂರ ಫಿಲ್ಟರ್ ನೀರಿನ ಘಟಕದ್ದು. ಅದಕ್ಕೇ ಉಪ್ಪಿನ ಪುಡಿ ಕಲಸ್ತೀನಿ. ಬೋರ್ ನೀರು ಹಾಕಲ್ಲ."

"ಸರಿ ಮಾಡ್ದೆ. ಆವಿಯಾಗಿ ನೀರು ಇಳೀತದಲ್ಲ, ಅದಕ್ಕೆ ಮಾತ್ರ ಬರೀ ನೀರು ಹಾಕು. ಉಪ್ಪು ಎಲ್ಲೂ ಹೋಗಿರಲ್ಲ."

ಭಾನುಪ್ರಿಯಳ ಕಣ್ಣು ಒಂದು ಗಾಜಿನ ತೊಟ್ಟಿಯ ಮೇಲೆ ನಿಂತಿತ್ತು. ಹಸಿರು, ಕೆಂಪು, ಹಳದಿ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂತೆ ಕಲ್ಲು ತುಂಬಾ ಅರಳಿದ್ದ ಹವಳ. "ಇದು ಕೊಡಿ," ಅಂದಳು.

"ಕೈ ತೋರ್ಸು," ಅಂದರು ಅಕ್ಬರಿ ಬೇಗಂ. ವರ್ಷಗಟ್ಟಲೆ ಕುಡುಗೋಲು ಹಿಡಿದ ಕೈ, ಬೆರಳ ಸಂದಿನಲ್ಲೆಲ್ಲ ಸೀಳು. ಅವರು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇದು ನಿಂಗೆ ಬ್ಯಾಡ ಬೇಟಾ. ಸಾಕೋದು ಸುಲಭ, ಆದ್ರೆ ಇದ್ರಲ್ಲಿ ವಿಷ ಐತೆ. ಸೀಳಿನ ಮೂಲಕ ಮೈಗೆ ಸೇರ್ತದೆ. ಗ್ಲೌಸು ಹಾಕು ಅಂದ್ರೆ ಒಂದಿನ ಹಾಕ್ತೀಯ, ಒಂದಿನ ಮರೀತೀಯ."

"ಮತ್ತೆ ಆ ಗೋಡೆ ಮೇಲಿನ ಫೋಟೋದಲ್ಲಿರೋ ಕೊಂಬೆ ತರದ್ದು?"

"ಅದು ಕಲ್ಲಿನಂತೆ ಗಟ್ಟಿ ಹವಳ. ಕಾನೂನಿನಲ್ಲಿ ಮಾರೋ ಹಂಗಿಲ್ಲ. ಇದ್ರೂ ನಿಂಗೆ ಕೊಡ್ತಿರ್ಲಿಲ್ಲ. ನೀರು ಒಸಿ ಏರುಪೇರಾದ್ರೆ ತಡೆಯಲ್ಲ."

ಕೊನೆಗೆ ಅವರೇ ಎರಡು ಆರಿಸಿದರು. ಒಂದು, ಕಲ್ಲಿಗೆ ಅಂಟಿಕೊಂಡ ನೀಲಿ ಅಣಬೆ ಹವಳ. ಮಂದ ಬೆಳಕಿನಲ್ಲೂ ಬದುಕುವಂಥದ್ದು. ಇನ್ನೊಂದು, ದಪ್ಪ ಕಾಂಡದ ಮೇಲೆ ಕೊಡೆ ಬಿಚ್ಚಿದಂತಿದ್ದ ತೊಗಲು ಹವಳ. ಕೊಡೆಯ ಮೇಲೆಲ್ಲ ಸಣ್ಣ ಸಣ್ಣ ಎಳೆಗಳು ಅಲ್ಲಾಡುತ್ತಿದ್ದವು. ಬಣ್ಣ ಮಾತ್ರ ಹಾಲು ಹಾಕಿದ ಟೀಯದು. ಭಾನುಪ್ರಿಯಳ ಮುಖ ಸಪ್ಪಗಾದದ್ದನ್ನು ನೋಡಿ ಅಕ್ಬರಿ ಬೇಗಂ ನಕ್ಕರು. "ಬಣ್ಣ ಕಮ್ಮಿ, ಗುಣ ಜಾಸ್ತಿ. ಸಣ್ಣಪುಟ್ಟ ತಪ್ಪು ಮಾಡಿದ್ರೂ ತಡ್ಕೊತದೆ. ತಕಂಡೋಗು."

ಮನೆಗೆ ತಂದು ಇಟ್ಟ ಮಾರನೆಯ ದಿನವೇ ತೊಗಲು ಹವಳ ಮುದುಡಿಕೊಂಡಿತು. ಎಳೆಗಳೆಲ್ಲ ಒಳಸೇರಿ, ಮೈ ನುಣ್ಣಗೆ ಮೇಣ ಸವರಿದಂತಾಯಿತು. ದಿನ ಕಳೆದಂತೆ ಮೇಲೆ ಮಬ್ಬು ಪೊರೆಯೊಂದು ಕಟ್ಟಿತು.

"ಸತ್ತೋಯ್ತು ಕಣಮ್ಮಿ," ಅಂದ ಜಯಕುಮಾರ ಮೆಲ್ಲಗೆ. "ಮೀನಿಗೂ ತೊಂದ್ರೆ ಆದಾತು. ತೆಗ್ದುಬುಡ್ಲಾ?" ಅವಳಿಗೆ ನೋವಾಗದಂತೆ ಅದನ್ನು ಎತ್ತಿ ಎಸೆದು, ಇನ್ನೊಂದು ತಂದಿಡೋಣ ಎಂದು ಅವನ ಲೆಕ್ಕ.

ಭಾನುಪ್ರಿಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಊರಿನಲ್ಲಿ ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಮುಟ್ಟಿದರೆ ಹುಳು ಕೆಟ್ಟೀತು.

"ಮುಟ್ಬೇಡಿ," ಅಂದಳು. "ಇದು ಜ್ವರಕ್ಕೆ ಕೂತೈತೆ."

"ಹವಳಕ್ಕೆಂಥ ಜ್ವರ?"

"ಗೊತ್ತಿಲ್ಲ. ಸತ್ತಿದ್ರೆ ಕೊಳೀಬೇಕಿತ್ತು, ನೀರು ನಾರಬೇಕಿತ್ತು. ಮೈ ಗಟ್ಟಿಯಾಗೇ ಐತೆ. ಬುಡಿ, ಇರ್ಲಿ."

ಅಕ್ಬರಿ ಬೇಗಂಗೆ ಫೋನು ಮಾಡಿದಾಗ ಅವರೂ ಅದನ್ನೇ ಹೇಳಿದರು: ಜಾಗ ಬದಲಾದರೆ ಹಾಗೆ ಮುನಿಸಿಕೊಳ್ಳುತ್ತದೆ, ಪೊರೆ ಬಿಟ್ಟು ಏಳುತ್ತದೆ, ನೀರಿನ ಸೆಳೆತ ಒಸಿ ಜಾಸ್ತಿ ತಾಗುವಂತೆ ಮಾಡು. ಭಾನುಪ್ರಿಯ ನೀರು ತಳ್ಳುವ ಮೋಟಾರಿನ ಮುಖವನ್ನು ಅದರ ಕಡೆ ತಿರುಗಿಸಿದಳು. ಕರೆಂಟು ಹೋದರೆ ಅದು ನಿಲ್ಲದಿರಲೆಂದು ಜಯಕುಮಾರ ಇನ್ವರ್ಟರಿನಿಂದ ತಂತಿ ಎಳೆದುಕೊಟ್ಟ. ಎದ್ದ ಕೂಡಲೇ ಅವಳು ತೊಟ್ಟಿಯ ಹತ್ತಿರ ಹೋಗುವಳು, ಅವನು ಹುಳುಮನೆಯಿಂದ ಬರುವಾಗ ಕಿಟಕಿಯಿಂದಲೇ "ಎದ್ತಾ?" ಎಂದು ಕೇಳುವನು.

ಒಂದು ಮಧ್ಯಾಹ್ನ ಪೊರೆ ಚಿಂದಿ ಚಿಂದಿಯಾಗಿ ಕಿತ್ತುಬಂದು ನೀರಿನಲ್ಲಿ ತೇಲಿತು. ಸಂಜೆಯ ಹೊತ್ತಿಗೆ ಕೊಡೆ ಬಿಚ್ಚಿಕೊಂಡು, ಎಳೆಗಳು ಒಂದೊಂದಾಗಿ ಹೊರಬಂದವು. ಮೊದಲಿಗಿಂತ ಉದ್ದ, ತುದಿಯಲ್ಲಿ ಹಸಿರಿನ ಛಾಯೆ. ಎರಡು ಮೀನೂ ಬಂದು ಆ ಎಳೆಗಳ ನಡುವೆ ಮೈ ತಿಕ್ಕಿ, ಅಲ್ಲೇ ಹುದುಗಿ ಕೂತವು.

"ಏನಂದ್ರೆ! ಬೇಗ ಬನ್ನಿ ಇಲ್ಲಿ!" ಭಾನುಪ್ರಿಯ ಕೂಗಿದಳು.

ಎಷ್ಟೋ ತಿಂಗಳ ಮೇಲೆ ಅವಳ ಕೂಗು ಕೇಳಿ ಜಯಕುಮಾರ ಹೆದರಿ ಓಡಿ ಬಂದ. ಹೊಸ್ತಿಲ ಹತ್ತಿರ ಬಂದಮೇಲೆ ಮೈಯೆಲ್ಲ ಹುಳುಮನೆಯ ದೂಳು ಎಂದು ನೆನಪಾಗಿ ಅಲ್ಲೇ ನಿಂತ. ಅವಳು ತಿರುಗಿ ನೋಡಿದಳು. ಅವನ ಕಣ್ಣಲ್ಲಿ ಗಾಬರಿ, ಕೂದಲಲ್ಲಿ ಸೊಪ್ಪಿನ ಚೂರು. ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

"ಏನೂ ಆಗಿಲ್ಲ. ಮೈ ತೊಳ್ಕಂಡು ಬನ್ನಿ, ತೋರಿಸ್ತೀನಿ," ಅಂದಳು. "ನಿಧಾನಕ್ಕೇ ಬನ್ನಿ. ಅದೇನು ಓಡೋಗಲ್ಲ."

ಹಿತ್ತಲಿನಲ್ಲಿ ನಲ್ಲಿ ತಿರುಗಿದ ಸದ್ದು ಕೇಳಿತು. ಭಾನುಪ್ರಿಯ ಒಳಗಿನಿಂದ ಇನ್ನೊಂದು ಕುರ್ಚಿ ತಂದು, ತೊಟ್ಟಿಯ ಮುಂದೆ ತನ್ನದರ ಪಕ್ಕಕ್ಕೆ ಹಾಕಿದಳು.