ಸೆಕ್ರೆಟರಿಯ ಎದುರುಮನೆ

ಘಾಟ್ಕೋಪರ್‌ನಲ್ಲಿ ನಾನು ಮನೆ ಕೊಂಡದ್ದು ಬಾಡಿಗೆಯ ಆಸೆಗಲ್ಲ, ಸೇಡಿಗೆ. ಬ್ಯಾಂಕಿನವರಿಗೆ ಇದನ್ನು ಹೇಳಲಿಲ್ಲ ಅಷ್ಟೇ. ಪರೇಲ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಊಟದ ಹೊತ್ತಿಗೆ ಜೊತೆಯವರೆಲ್ಲ ಸೇರಿ, ಎಲ್ಲಿ ಫ್ಲ್ಯಾಟ್ ಹಿಡಿದರೆ ಬಾಡಿಗೆ ಚೆನ್ನಾಗಿ ಬರುತ್ತದೆ ಎಂಬ ಪುರಾಣ ತೆಗೆಯುತ್ತಿದ್ದರು. ಲಿಫ್ಟ್ ಇರಬೇಕು, ಸ್ಟೇಷನ್ ಹತ್ತಿರವಿರಬೇಕು, ಬಿಲ್ಡಿಂಗ್ ಹೊಸದಿರಬೇಕು. ಎಲ್ಲದಕ್ಕೂ ತಲೆದೂಗಿ, ಕೊನೆಗೆ ಲಿಫ್ಟೇ ಇಲ್ಲದ ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಂದು ರೂಮು, ಒಂದು ಕಿಚನ್ ಕೊಂಡೆ. ಬ್ರೋಕರ್ ಪಾಪ, ‘ಮೇಡಂ, ಔರ್ ದೋ-ತೀನ್ ದೇಖ್ ಲೋ’, ಇನ್ನೆರಡು-ಮೂರು ನೋಡಿ ಎಂದ. ನನಗೆ ಬೇಕಾಗಿದ್ದದ್ದು ಆ ಮನೆಯ ಎದುರಿನ ಬಾಗಿಲು. ಅದರೊಳಗೆ ಬಿಲ್ಡಿಂಗಿನ ಮನೆಯವರ ಸೊಸೈಟಿಯ ಸೆಕ್ರೆಟರಿ ವಾಸವಿದ್ದ. ಅವನೇ ಒಂದು ಕಾಲದಲ್ಲಿ ನಮ್ಮ ಮಾಲೀಕ.

ಅದೇ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ ಅವನದೊಂದು ರೂಮಿತ್ತು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅದನ್ನು ಬಾಡಿಗೆಗೆ ಹಿಡಿದರು. ಮುಂಬೈಯಲ್ಲಿ ಬಾಡಿಗೆಯೆಂದರೆ ಹನ್ನೊಂದು ತಿಂಗಳ ಕರಾರು. ಬರೆಸಿ, ನೋಂದಾಯಿಸಿ, ಮುಗಿದಾಗ ಮತ್ತೆ ಬರೆಸಬೇಕು. ಅಪ್ಪ ಅದರ ಮಾತೆತ್ತಿದಾಗ ಅವನು ನಕ್ಕನಂತೆ. ‘ನೀವು ವಿಜಾಪುರದವರು, ನಾವು ಬೆಳಗಾಂವದವರು. ನಮ್ಮ ನಮ್ಮ ಮಂದ್ಯಾಗ ಕಾಗದ ಯಾಕ್ರೀ? ಬೇಕಾದಷ್ಟು ದಿನಾ ಇರ್ರಿ.’ ಅಪ್ಪ ಕರಗಿ ನೀರಾದರು. ಕನ್ನಡ ಮಾತಾಡುವ ಮಾಲೀಕ ಸಿಕ್ಕನೆಂದು ಊರಿನವರಿಗೆಲ್ಲ ಫೋನ್ ಮಾಡಿ ಹೇಳಿದರು. ಪರಊರಿನಲ್ಲಿ ತಮ್ಮ ಭಾಷೆ ಕಿವಿಗೆ ಬಿದ್ದರೆ ಸಾಕು, ನಮ್ಮ ಮಂದಿ ಬುದ್ಧಿಯನ್ನು ಗೂಟಕ್ಕೆ ತೂಗುಹಾಕಿ ಕೂರುತ್ತಾರೆ.

ಎರಡು ವರ್ಷದ ಮೇಲೆ ಅವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಅವಳು ಮನೆಗೆ ಬಂದ ಮರುದಿನವೇ ಅವನು ಬಂದು, ನಾಲ್ಕು ದಿನದಲ್ಲಿ ರೂಮು ಖಾಲಿ ಮಾಡಿ ಎಂದ. ಕೊರಿಯರ್ ದಂಧೆಯವನೊಬ್ಬ ಹೆಚ್ಚಿನ ಬಾಡಿಗೆ ಕೊಡುತ್ತೇನೆಂದಿದ್ದನಂತೆ. ‘ಹೊಲಿಗಿ ಸೈತ ಮಾಗಿಲ್ರೀ, ಒಂದ್ ತಿಂಗಳ ಕೊಡ್ರಿ’ ಎಂದರು ಅಪ್ಪ. ‘ಕಾಗದ ಐತೇನು ನಿಮ್ಮ ಕಡೆ?’ ಎಂದ ಅವನು. ಐದನೇ ದಿನ ಬೀಗ ಬಿತ್ತು. ಟೆಂಪೊ ಬರುವ ತನಕ ಅವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪಾತ್ರೆಪಗಡಗಳ ನಡುವೆ ಮೆಟ್ಟಿಲ ಮೇಲೆ ಕೂತಿದ್ದಳು. ಮೇಲೆ ಹೋಗುವವರು ಸೀರೆ ಎತ್ತಿ ಹಿಡಿದು ಅವಳನ್ನು ದಾಟಿಕೊಂಡು ಹೋದರು. ಅವನೂ ಹಾಲಿನ ಪಾಕೀಟು ಹಿಡಿದು ದಾಟಿ ಹೋದ. ಅವ್ವ ತಲೆ ಎತ್ತಲಿಲ್ಲ. ಇವತ್ತಿಗೂ ಲೋಕಲ್ ಟ್ರೇನು ಘಾಟ್ಕೋಪರ್‌ನಲ್ಲಿ ನಿಂತರೆ ಅವಳು ಮುಖ ಆಚೆ ತಿರುಗಿಸುತ್ತಾಳೆ. ನಾನು ಅಲ್ಲಿ ಮನೆ ಕೊಂಡೆನೆಂದಾಗ, ‘ಯಾಕ?’ ಎಂದಷ್ಟೇ ಕೇಳಿದಳು. ‘ಅಂವನ ಬಾಯಾಗ ತಪ್ಪಾತು ಅನಸ್ತೀನಿ’ ಎಂದೆ.

ಸೆಕ್ರೆಟರಿಗೆ ನನ್ನ ಗುರುತು ಹತ್ತಲಿಲ್ಲ. ಮದುವೆಯಾಗಿ ನನ್ನ ಅಡ್ಡಹೆಸರು ಬದಲಾಗಿತ್ತು. ಸರಿಯಾದ ಹೊತ್ತಿಗೆ ಹೇಳೋಣವೆಂದು ನಾನೂ ತುಟಿ ಬಿಚ್ಚಲಿಲ್ಲ. ಮೊದಲು ಅವನಿಗೊಂದು ಮುಳ್ಳು ಬೇಕಿತ್ತು. ಮೊಟ್ಟೆಯ ಹೆಸರೆತ್ತಿದರೂ ಮೂಗು ಮುಚ್ಚುವ ಆಸಾಮಿ ಅವನು. ಅದಕ್ಕೆಂದೇ ಹುಡುಕಿ, ಉಡುಪಿ ಕಡೆಯ ಮೂವರು ಹೋಟೆಲ್ ಅಡುಗೆಯವರನ್ನು ಹಿಡಿದೆ. ವಾರವೆಲ್ಲ ಇಡ್ಲಿ-ಸಾಂಬಾರ್ ಬೇಯಿಸಿ ಬೇಸತ್ತವರು, ರಜೆಯ ದಿನ ಬಂಗುಡೆ ಮೀನು ಹುರಿಯದೆ ಇರುವವರಲ್ಲ. ಸೊಸೈಟಿಯ ಒಪ್ಪಿಗೆ ಪತ್ರ ಕೇಳಿದರೆ ಅವನು, ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ. ಮೂರು ಸಲ ಅರ್ಧ ದಿನ ರಜೆ ಹಾಕಿ ಹೋದೆ. ಸೊಸೈಟಿಯ ನಿಯಮದ ಪುಸ್ತಕವನ್ನು ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಓದಿದೆ. ನಾಲ್ಕನೇ ಸಲ ಹೋಗಿ, ‘ಕೊಡೂದಿಲ್ಲ ಅಂತ ಕಾರಣ ಸಮೇತ ಬರದ್ ಕೊಡ್ರಿ, ನಾ ಮುಂದ ನೋಡ್ಕೋತೀನಿ’ ಎಂದೆ. ಅವನು ತೆಪ್ಪಗೆ ಸಹಿ ಹಾಕಿದ.

ಆಮೇಲೆ ಪ್ರತಿ ಮಂಗಳವಾರ, ಆ ಮೂವರ ರಜೆಯ ದಿನ, ಲ್ಯಾಬಿಗೆ ಅವನ ಫೋನ್ ಬರುತ್ತಿತ್ತು. ಕೈಯಲ್ಲಿ ಯಾರದೋ ರಕ್ತದ ಸ್ಯಾಂಪಲ್, ಕಿವಿಯಲ್ಲಿ ಅವನ ಗೋಳು. ‘ಮೇಡಂ, ವಾಸನಿ ತಡಿಯಾಕ ಆಗವಲ್ದು.’ ‘ಬಾಗಲಾ ಹಾಕ್ಕೋರಿ’ ಎನ್ನುತ್ತಿದ್ದೆ. ಅದೆಷ್ಟು ಸುಖವಾಗುತ್ತಿತ್ತೆಂದರೆ, ತಿಂಗಳ ಅರ್ಧ ಸಂಬಳವನ್ನು ಕಂತು ನುಂಗಿದ್ದೂ ಮರೆತುಹೋಗುತ್ತಿತ್ತು.

ಏಳೆಂಟು ತಿಂಗಳಾದ ಮೇಲೆ ಫೋನ್ ನಿಂತಿತು. ನಲ್ಲಿ ಸೋರುತ್ತಿದೆ ಎಂದು ಬಾಡಿಗೆಯವರು ಕರೆದದ್ದಕ್ಕೆ ಒಂದು ದಿನ ಹೋದೆ. ಮೆಟ್ಟಿಲಲ್ಲಿ ಕಂಡದ್ದು ನೋಡಿ ಅಲ್ಲೇ ನಿಂತೆ. ನನ್ನ ಮೂವರಲ್ಲಿ ಇಬ್ಬರು ಸೆಕ್ರೆಟರಿಯ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗೆ ಇಳಿಸುತ್ತಿದ್ದರು. ಅವನು ಹಿಂದೆ ಅವಳ ಚಪ್ಪಲಿ ಹಿಡಿದು ಬರುತ್ತಿದ್ದ. ಅವಳಿಗೆ ಕಿಡ್ನಿ ಕೆಟ್ಟಿತ್ತು; ವಾರಕ್ಕೆ ಮೂರು ಸಲ ಡಯಾಲಿಸಿಸ್. ಈ ಮೂವರೂ ಡ್ಯೂಟಿ ಹೊಂದಿಸಿಕೊಂಡು, ಸರದಿಯ ಮೇಲೆ ಇಳಿಸಿ ಹತ್ತಿಸುತ್ತಿದ್ದರಂತೆ. ನನಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು. ಚುಚ್ಚಲೆಂದು ಇಟ್ಟ ಮುಳ್ಳು ಅವನಿಗೇ ಊರುಗೋಲಾಗಿತ್ತು. ಹನ್ನೊಂದು ತಿಂಗಳು ಮುಗಿದೊಡನೆ ಮನೆ ಬಿಡಬೇಕೆಂದು ಆ ಮೂವರಿಗೆ ಅಂದೇ ಹೇಳಿದೆ. ದೊಡ್ಡವನು, ‘ನಮ್ಮಿಂದ ಎಂತ ತಪ್ಪಾಯ್ತು ಅಕ್ಕ?’ ಎಂದು ಕೇಳಿದ. ಅವನ ಮುಖ ನೋಡದೆ ನಲ್ಲಿ ನೋಡಿದೆ.

ಮುಂದಿನ ರವಿವಾರ ಹೊಸ ಬಾಡಿಗೆಯವರಿಗೆ ಮನೆ ತೋರಿಸಿ ಬಾಗಿಲು ಎಳೆಯುತ್ತಿದ್ದಾಗ ಸೆಕ್ರೆಟರಿ ಹೊರಬಂದ. ‘ಆ ಹುಡುಗೂರ್ನ ತಗೀಬ್ಯಾಡ್ರಿ ಮೇಡಂ. ಇಕಿನ್ನ ಇಳಸಾಕ ನನಗ ಮತ್ಯಾರದಾರ?’

ವರ್ಷಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದ ಮಾತು ಹೊರಗೆ ಬಂತು. ‘ಕೆಳಗಿನ ನಿಮ್ಮ ರೂಮಿನ್ಯಾಗ ವಿಜಾಪುರದವರು ಇದ್ರು. ಹೊಟ್ಟಿ ಕೊಯ್ಸಿಕೊಂಡ ಹೆಣಮಗಳನ್ನ ಮೆಟ್ಟಲ ಮ್ಯಾಲ ಕುಂಡ್ರಿಸಿ ಬೀಗಾ ಹಾಕಿದ್ರಿ. ನಾ ಅವರ ಮಗಳು.’

ಅವನು ಹಣೆ ಗಂಟಿಕ್ಕಿ ಯೋಚಿಸಿದ. ‘ವಿಜಾಪುರದವರಾ? ಆ ರೂಮಿಗೆ ಭಾಳ ಮಂದಿ ಬಂದು ಹೋದ್ರವಾ. ಯಾವ ವರ್ಷ?’

ನಾನು ವರ್ಷ ಹೇಳಿದೆ, ಅಪ್ಪನ ಹೆಸರು ಹೇಳಿದೆ, ಕೊರಿಯರಿನವನನ್ನು ನೆನಪಿಸಿದೆ. ನಾಟಕವಾಡುತ್ತಿದ್ದಾನೆ ಎಂದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ನಾಟಕವಲ್ಲ. ನನ್ನನ್ನು ಮೆಚ್ಚಿಸಲಿಕ್ಕಾದರೂ ನೆನಪು ಮಾಡಿಕೊಳ್ಳಲು ಅವನು ಹೆಣಗುತ್ತಿದ್ದ. ಕೊನೆಗೆ, ‘ಇದ್ದಿರಬಹುದು’ ಎಂದ.

ಇದ್ದಿರಬಹುದಂತೆ. ನಮ್ಮ ಮನೆಯಲ್ಲಿ ಒಂದು ಹೆಂಗಸು ಆವತ್ತಿನಿಂದ ಒಂದು ಸ್ಟೇಷನ್ನಿನ ಕಡೆ ಮುಖ ಮಾಡಿಲ್ಲ, ಇವನಿಗೆ ಇದ್ದಿರಬಹುದು. ಅವನು ನನ್ನನ್ನು ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮರೆತವನಿಂದ ಏನು ವಸೂಲು ಮಾಡುವುದು? ಆ ಮೂವರ ಕರಾರನ್ನು ಮತ್ತೆ ಹನ್ನೊಂದು ತಿಂಗಳಿಗೆ ಬರೆಸಿದೆ. ಅವನ ಮೇಲಿನ ದಯೆಯಿಂದಲ್ಲ. ಏನೂ ತಪ್ಪು ಮಾಡದವರನ್ನು ಬೀದಿಗೆ ಹಾಕಲು ನನ್ನ ಕೈ ಏಳಲಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವವಳೂ ಅಲ್ಲ.

ಆ ರವಿವಾರ ಅಲ್ಲಿಂದ ನೇರ ತವರಿಗೆ ಹೋದಾಗ ಅವ್ವ ಮೆಂತ್ಯೆ ಬಿಡಿಸುತ್ತ ಕೂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ‘ಹೇಳಿದೇನು ಅಂವಗ?’

‘ಹೇಳಿದೆ.’

‘ಏನಂದ?’

‘ತಪ್ಪಾತು ಅಂದನವ್ವಾ. ನಿಮ್ಮವ್ವಗ ಹೇಳು ಅಂದ.’

ಅವಳ ಕೈ ನಿಂತಿತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಸರಿದಳು.

‘ಇನ್ನೊಮ್ಮಿ ಹೇಳು. ಹೆಂಗ ಅಂದ?’

ನಾನು ಇನ್ನೊಮ್ಮೆ ಹೇಳಿದೆ. ಈ ಸಲ ಅವನಿಂದ ಕೈಯನ್ನೂ ಮುಗಿಸಿದೆ.